‘ದಿ ಬೆಲ್ಸ್’ ಕಂತು: ಗಂಟೆ ಮೊಳಗಿದ ಮೇಲೂ ಊರು ಸುಟ್ಟದ್ದಕ್ಕೆ ಕಥೆಯೊಳಗೆ ಕಾರಣವಿತ್ತೇ?

ಪ್ರಶ್ನೆ: ಎರಡನೇ ಸುತ್ತು

ನಮಸ್ಕಾರ. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯನ್ನು ಎರಡನೆಯ ಬಾರಿ ಮೊದಲಿನಿಂದ ನೋಡುತ್ತಾ ಬಂದು, ಈಗ ಎಂಟನೆಯ ಸೀಸನ್ನಿನ ಐದನೆಯ ಕಂತಾದ ‘ದಿ ಬೆಲ್ಸ್’ನ ಹೊಸ್ತಿಲಲ್ಲಿ ನಿಂತಿದ್ದೇನೆ. ಅದನ್ನು ಮತ್ತೆ ನೋಡುವ ಮೊದಲು ಇಲ್ಲಿರುವವರ ಅಭಿಪ್ರಾಯ ಕೇಳಬೇಕೆನಿಸಿತು. (ಇನ್ನೂ ನೋಡದವರು ದಯವಿಟ್ಟು ಮುಂದೆ ಓದಬೇಡಿ, ಕಥೆಯ ಕೊನೆಯೇ ಇಲ್ಲಿ ಬಯಲಾಗುತ್ತದೆ.)

2019ರ ಮೇ 13ರ ಸೋಮವಾರ ಮುಂಜಾನೆ, ಅಮೆರಿಕದ ಪ್ರಸಾರದೊಡನೆಯೇ ಹಾಟ್‌ಸ್ಟಾರ್‌ನಲ್ಲಿ ಅದನ್ನು ಮೊದಲ ಸಲ ನೋಡಿದಾಗ ನನಗಾದದ್ದು ಆಘಾತವೋ ಸಿಟ್ಟೋ ಎಂಬುದನ್ನು ಇಂದಿಗೂ ಹೇಳಲಾರೆ. ರಾಣಿ ಸರ್ಸಿಯ ಸೈನಿಕರು ಕತ್ತಿ ಕೆಳಗೆ ಹಾಕಿದ್ದಾರೆ, ಶರಣಾಗತಿಯ ಗುರುತಾಗಿ ಕಿಂಗ್ಸ್ ಲ್ಯಾಂಡಿಂಗ್ ನಗರದ ಗಂಟೆಗಳು ಮೊಳಗುತ್ತಿವೆ, ಯುದ್ಧ ಮುಗಿದಂತೆಯೇ. ಕೋಟೆಗೋಡೆಯ ಮೇಲೆ ಡ್ರ್ಯಾಗನ್ನಿನ ಬೆನ್ನೇರಿ ಕುಳಿತ, ಸಿಂಹಾಸನ ತನ್ನದೆಂದು ದಂಡೆತ್ತಿ ಬಂದ ಡೆನೇರಿಸ್ ದೂರದ ಅರಮನೆಯನ್ನು ದಿಟ್ಟಿಸುತ್ತಾಳೆ, ಉಸಿರು ಬಿರುಸಾಗುತ್ತದೆ, ಮರುಕ್ಷಣವೇ ಹಾರಿ ಬಂದು ಬೀದಿಬೀದಿಯ ಜನರನ್ನು ಸುಡತೊಡಗುತ್ತಾಳೆ. ಗುಲಾಮರ ಸಂಕೋಲೆ ಕಡಿದವಳೆಂದು ವರ್ಷಗಟ್ಟಲೆ ನಾವು ಮೆಚ್ಚಿಕೊಂಡು ಬಂದವಳು ಇವಳೇ. ಹೆಣ್ಣುಮಕ್ಕಳಿಗೆ ಅವಳ ಬಿರುದಾದ ‘ಖಲೀಸಿ’ ಎಂಬ ಹೆಸರನ್ನಿಟ್ಟ ತಂದೆತಾಯಿಯರು ಅಮೆರಿಕದಲ್ಲಿ ನೂರಾರು ಮಂದಿ ಇದ್ದರು. ಆ ಬೆಳಿಗ್ಗೆ ಅವರಿಗೆ ಏನನ್ನಿಸಿರಬಹುದೋ!

ಆ ಸೀಸನ್ನನ್ನು ಬೇರೆ ಬರಹಗಾರರಿಂದ ಹೊಸದಾಗಿ ಮಾಡಿಸಬೇಕೆಂಬ ಅಂತರ್ಜಾಲದ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನರು ಸಹಿ ಹಾಕಿದರು. ಅದೇ ಸೀಸನ್ನಿಗೆ ಅದೇ ವರ್ಷ ಅತ್ಯುತ್ತಮ ನಾಟಕ ಸರಣಿಯೂ ಸೇರಿದಂತೆ 12 ಎಮ್ಮಿ ಪ್ರಶಸ್ತಿಗಳು ಬಂದವು. ನಾನು ಕೇಳಬಯಸುವುದು ಇಷ್ಟೇ. ಆ ದಹನಕ್ಕೆ ಕಥೆಯೊಳಗೆ ಕಾರಣವಿತ್ತೇ, ಅಥವಾ ಮುಗಿಸುವ ಅವಸರದಲ್ಲಿ ಪಾತ್ರವನ್ನೇ ಬಲಿಕೊಟ್ಟರೇ? ಇಷ್ಟವಾಯಿತು, ಆಗಲಿಲ್ಲ ಎಂಬುದಕ್ಕಿಂತ, ಯಾವ ದೃಶ್ಯ ನಿಮಗೆ ಹಾಗೆನ್ನಿಸಿತು ಎಂಬುದನ್ನು ಬರೆದರೆ ಉಪಕಾರವಾಗುತ್ತದೆ.

ಉತ್ತರ: ಅಗಸೆಬಾಗಿಲು

ನನ್ನ ಮಟ್ಟಿಗೆ ದಾರಿ ತಪ್ಪಿದ್ದು ಕಥೆಯಲ್ಲ, ನೋಡುಗರಾದ ನಾವು. ಮೊದಲ ಸೀಸನ್ನಿನಲ್ಲಿ ಅಣ್ಣ ವಿಸೇರಿಸ್‌ನ ತಲೆಯ ಮೇಲೆ ಕರಗಿದ ಚಿನ್ನವನ್ನು ಸುರಿದಾಗ ಅವಳು ಕಣ್ಣು ಬೇರೆಡೆಗೆ ತಿರುಗಿಸಲಿಲ್ಲ. ಅದೇ ಸೀಸನ್ನಿನ ಕೊನೆಗೆ ಮಾಟಗಾತಿಯನ್ನು ಗಂಡನ ಚಿತೆಗೆ ಕಟ್ಟಿಸಿ ಜೀವಂತ ಸುಟ್ಟಳು. ಎರಡನೆಯ ಸೀಸನ್ನಿನಲ್ಲಿ ಕಾರ್ತ್ ನಗರದ ಬಾಗಿಲಲ್ಲಿ ಹಸಿದು ನಿಂತಾಗಲೂ, ಡ್ರ್ಯಾಗನ್‌ಗಳು ದೊಡ್ಡವಾದ ಮೇಲೆ ಊರುಗಳನ್ನು ಸುಟ್ಟು ನೆಲಸಮ ಮಾಡುವೆನೆಂದು ಸಾರಿದ್ದು ಅವಳದೇ ಬಾಯಿ. ಗುಲಾಮಗಿರಿಯ ನಗರವಾದ ಮೀರೀನ್‌ನ ಒಡೆಯರು ದಾರಿಯುದ್ದಕ್ಕೂ 163 ಗುಲಾಮ ಮಕ್ಕಳನ್ನು ಶಿಲುಬೆಗೇರಿಸಿದ್ದಕ್ಕೆ ಪ್ರತಿಯಾಗಿ ಅವಳು ಲೆಕ್ಕ ಹಾಕಿ 163 ಒಡೆಯರನ್ನು ಶಿಲುಬೆಗೇರಿಸಿದಾಗ ನಾವು ಚಪ್ಪಾಳೆ ತಟ್ಟಿದೆವು. ಆ ಸತ್ತವರಲ್ಲಿ ಒಬ್ಬನ ಮಗ ಹಿಜ್ದಾರ್ ಆಮೇಲೆ ಅವಳ ಮುಂದೆ ನಿಂತು, ತನ್ನ ತಂದೆ ಮಕ್ಕಳ ಹತ್ಯೆಯನ್ನು ವಿರೋಧಿಸಿದ್ದವನೆಂದು ಹೇಳಿ, ಶವವನ್ನು ಇಳಿಸಿ ಸಂಸ್ಕಾರ ಮಾಡಲು ಅನುಮತಿ ಬೇಡಿದ ದೃಶ್ಯವನ್ನು ನಮ್ಮಲ್ಲಿ ಎಷ್ಟು ಜನ ನೆನಪಿನಲ್ಲಿಟ್ಟುಕೊಂಡಿದ್ದೇವೆ? ಎಣಿಕೆ ಸರಿಹೊಂದಿತೇ ಎಂದು ನೋಡಿದಳೇ ಹೊರತು, ಆ 163ರಲ್ಲಿ ತಪ್ಪಿತಸ್ಥರು ಯಾರೆಂದು ಅವಳು ವಿಚಾರಿಸಲಿಲ್ಲ.

ಇನ್ನು ಎಂಟನೆಯ ಸೀಸನ್ನಿನಲ್ಲಿ ಅವಳು ಕಳೆದುಕೊಂಡದ್ದನ್ನು ನೋಡಿ. ನಂಬಿಗಸ್ತ ಯೋಧ ಜೋರಾ ಸತ್ತ, ಡ್ರ್ಯಾಗನ್ ರೇಗಲ್ ಸತ್ತಿತು, ಆಪ್ತ ಗೆಳತಿ ಮಿಸಾಂಡೇಯ ತಲೆಯನ್ನು ಕಣ್ಣೆದುರೇ ಕಡಿದರು, ಸಿಂಹಾಸನದ ಮೇಲೆ ತನಗಿಂತ ತನ್ನ ಪ್ರಿಯಕರ ಜಾನ್ ಸ್ನೋಗೆ ಹೆಚ್ಚಿನ ಹಕ್ಕಿದೆಯೆಂಬ ಗುಟ್ಟು ಹರಡಿತು, ಸಲಹೆಗಾರ ವೇರಿಸ್ ಬೆನ್ನಿಗೆ ಚೂರಿ ಹಾಕಿದ. ದಾಳಿಗೆ ಮೊದಲು, ಈ ನಾಡಿನಲ್ಲಿ ತನಗೆ ಪ್ರೀತಿಯಿಲ್ಲ, ಇರುವುದು ಭಯ ಮಾತ್ರ ಎಂದು ಜಾನ್‌ನ ಮುಂದೆ ಹೇಳಿಕೊಳ್ಳುತ್ತಾಳೆ. ಅವನು ಅಪ್ಪುಗೆಯಿಂದ ಹಿಂದೆ ಸರಿದಾಗ ಹಾಗಾದರೆ ಭಯವೇ ಇರಲಿ ಎನ್ನುತ್ತಾಳೆ. ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆಂದು ನನಗೆ ತಿಳಿಯದು.

ನಮ್ಮ ರನ್ನ ಕವಿ ಭಾರತದ ಕಥೆಯನ್ನು ಕೊನೆಯ ಗದಾಯುದ್ಧದ ನೆಲೆಯಲ್ಲಿ ನಿಂತು ಸಿಂಹಾವಲೋಕನ ಕ್ರಮದಿಂದ ಹಿಂದಿರುಗಿ ನೋಡಿದಂತೆ, ಈ ಕಂತಿನಲ್ಲಿ ನಿಂತು ಹಿಂದಕ್ಕೆ ತಿರುಗಿದರೆ ಬೆಂಕಿಯ ಜಾಡು ಮೊದಲ ಸೀಸನ್ನಿನವರೆಗೂ ಕಾಣುತ್ತದೆ.

ಉತ್ತರ: ಕಂದೀಲು

ಅಗಸೆಬಾಗಿಲು ಅವರು ಹೆಸರಿಸಿದ ಒಂದೊಂದು ಘಟನೆಯೂ ನಿಜ. ಅವು ಸಾಲುವುದಿಲ್ಲವೆಂಬುದು ನನ್ನ ತಕರಾರು. ಹಿಂದಿರುಗಿ ನೋಡಿದಾಗ ಕಾಣುವ ಜಾಡು ಬೇರೆ, ಮುಂದಕ್ಕೆ ನಡೆಯುವಾಗ ಕಾಲಿಗೆ ಸಿಗಬೇಕಾದ ದಾರಿ ಬೇರೆ. ಆ ಪಟ್ಟಿಯಲ್ಲಿರುವವರೆಲ್ಲ ಒಂದೋ ಅವಳಿಗೆ ಕೇಡೆಣಿಸಿದವರು, ಇಲ್ಲವೇ ಅವಳು ಕೇಡಿಗರೆಂದು ನಂಬಿದವರು. ಹಿಜ್ದಾರ್‌ನ ತಂದೆಯನ್ನೂ ಒಡೆಯನೆಂದು ಭಾವಿಸಿಯೇ ಕೊಂದದ್ದು. ಕಿಂಗ್ಸ್ ಲ್ಯಾಂಡಿಂಗಿನ ಓಣಿಯಲ್ಲಿ ಮಗುವನ್ನೆತ್ತಿಕೊಂಡು ಓಡುತ್ತಿದ್ದ ಹೆಂಗಸು ಈ ಎರಡರಲ್ಲಿ ಯಾವ ಗುಂಪಿಗೆ ಸೇರುತ್ತಾಳೆ?

ನಾಲ್ಕನೆಯ ಸೀಸನ್ನಿನ ಕೊನೆಯ ಕಂತಿನ ಒಂದು ದೃಶ್ಯವನ್ನು ನೆನಪಿಸುತ್ತೇನೆ. ಮೀರೀನ್‌ನ ಒಡ್ಡೋಲಗಕ್ಕೆ ಆಡು ಕಾಯುವ ಬಡವನೊಬ್ಬ ಬಟ್ಟೆಯ ಗಂಟೊಂದನ್ನು ಹಿಡಿದು ಬರುತ್ತಾನೆ. ಗಂಟು ಬಿಚ್ಚಿದರೆ ಸುಟ್ಟು ಕರಕಲಾದ ಎಳೆಯ ಮೂಳೆಗಳು. ಡ್ರ್ಯಾಗನ್ ಸುಟ್ಟ, ಅವನ ಮೂರು ವರ್ಷದ ಮಗಳವು. ಅದನ್ನು ಕಂಡ ಡೆನೇರಿಸ್ ತಾನು ಮಕ್ಕಳೆಂದೇ ಕರೆಯುವ ಡ್ರ್ಯಾಗನ್‌ಗಳನ್ನು ನೆಲಮಾಳಿಗೆಗೆ ಕರೆದೊಯ್ದು, ತನ್ನ ಕೈಯಾರೆ ಕೊರಳಿಗೆ ಸರಪಳಿ ಬಿಗಿದು, ಅವು ಗೋಳಿಡುವುದನ್ನು ಕೇಳುತ್ತಾ ಅಳುತ್ತಾ ಹೊರಬಂದು ಬಾಗಿಲು ಮುಚ್ಚಿಸುತ್ತಾಳೆ. ಗುರುತಿಲ್ಲದ ಒಂದು ಕೂಸಿಗಾಗಿ ಅಷ್ಟು ಮಾಡಿದವಳು ಸಾವಿರಾರು ಕೂಸುಗಳ ಊರನ್ನು ಸುಡುವ ತನಕ ಬರಲಾರಳೆಂದು ನಾನು ಹೇಳುತ್ತಿಲ್ಲ. ಬರಬಹುದು. ಆದರೆ ಆ ನಡಿಗೆಯನ್ನು ನನಗೆ ತೋರಿಸಬೇಕಿತ್ತು.

ತೋರಿಸಲು ಅವಕಾಶವೇ ಉಳಿದಿರಲಿಲ್ಲ. ಮೊದಲ ಆರು ಸೀಸನ್‌ಗಳಿಗೆ ತಲಾ 10 ಕಂತುಗಳಿದ್ದವು, ಏಳನೆಯದಕ್ಕೆ 7, ಎಂಟನೆಯದಕ್ಕೆ ಕೇವಲ 6. ಇನ್ನೂ ಹೆಚ್ಚು ಕಂತುಗಳಿಗೆ ಎಚ್‌ಬಿಒ ವಾಹಿನಿ ಸಿದ್ಧವಿದ್ದರೂ, ಇಷ್ಟೇ ಸಾಕೆಂದು ತೀರ್ಮಾನಿಸಿದವರು ಧಾರಾವಾಹಿಯ ರೂವಾರಿಗಳಾದ ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್. ಧಾರಾವಾಹಿಗೆ ಮೂಲವಾದ, ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿ ಸರಣಿಯ ಐದನೆಯ ಸಂಪುಟ 2011ರಲ್ಲಿ ಬಂದಿತ್ತು, ಆರನೆಯದು ಬರಲೇ ಇಲ್ಲ. ಹಾಗಾಗಿ ಕೊನೆಯ ಸೀಸನ್‌ಗಳಿಗೆ ಒರಗಲು ಪುಸ್ತಕದ ಗೋಡೆಯೂ ಇರಲಿಲ್ಲ. ಮಿಸಾಂಡೇ ಸತ್ತದ್ದು ನಾಲ್ಕನೆಯ ಕಂತಿನ ಕೊನೆಗೆ, ಊರು ಹೊತ್ತಿಕೊಂಡದ್ದು ಐದನೆಯ ಕಂತಿನ ನಡುವಿಗೆ. ಇಷ್ಟರೊಳಗೆ ಮನಸ್ಸೊಂದು ತಲೆಕೆಳಗಾಗಬೇಕೆಂದರೆ ಅವಳು ಊಟ ಬಿಟ್ಟಳು, ತಲೆ ಬಾಚಿಕೊಳ್ಳಲಿಲ್ಲ ಎಂಬ ಸೂಚನೆಗಳಷ್ಟೇ ಉಳಿಯುತ್ತವೆ.

ಕಂತಿನ ಜೊತೆಗೆ ಬಂದ ವಿವರಣೆಯಲ್ಲಿ, ತನ್ನ ಪೂರ್ವಜರು ಕಟ್ಟಿದ ಕೆಂಪು ಅರಮನೆಯನ್ನು ಕಂಡ ಆ ಗಳಿಗೆಯಲ್ಲಿ ಅವಳಿಗೆ ಇದು ಸ್ವಂತದ ಹಗೆಯಾಯಿತು ಎಂಬರ್ಥದ ಮಾತು ಬಂದಿತು. ಹಗೆ ಅರಮನೆಯ ಮೇಲಿದ್ದರೆ ನೇರವಾಗಿ ಅಲ್ಲಿಗೇ ಹಾರಬೇಕಿತ್ತಲ್ಲವೇ? ಸರ್ಸಿ ಅದೇ ಅರಮನೆಯ ಗೋಪುರದ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು.

ಉತ್ತರ: ಓಣಿಯವ

ಎಲ್ಲರೂ ಡೆನೇರಿಸ್ ಬಗ್ಗೆಯೇ ಬರೆಯುತ್ತಿದ್ದೀರಿ. ನನಗೆ ಆ ಕಂತಿನಲ್ಲಿ ನಿಜವಾಗಿ ನೋವಾದದ್ದು ಸರ್ಸಿಯ ಅವಳಿ ಸೋದರ ಜೇಮಿಯ ಒಂದು ಮಾತಿನಿಂದ. ಡೆನೇರಿಸ್‌ಳ ತಂದೆ, ಹುಚ್ಚು ದೊರೆ ಏರಿಸ್ ಊರಿನಡಿ ಹೂತಿಟ್ಟ ಕಾಡ್ಗಿಚ್ಚಿನ ರಸಕ್ಕೆ ಬೆಂಕಿಯಿಕ್ಕಿ ಪ್ರಜೆಗಳನ್ನೆಲ್ಲ ಸುಡಲು ಹೊರಟಾಗ, ಅದನ್ನು ತಪ್ಪಿಸಲೆಂದೇ ದೊರೆಯನ್ನು ಕೊಂದು ಜೀವಮಾನವಿಡೀ ರಾಜಘಾತಕನೆಂಬ ಕಳಂಕ ಹೊತ್ತವನು ಅವನು. ಮೂರನೆಯ ಸೀಸನ್ನಿನ ಸ್ನಾನದ ಮನೆಯಲ್ಲಿ ಯೋಧೆ ಬ್ರಿಯೆನ್ ಮುಂದೆ ಅದನ್ನು ಹೇಳಿಕೊಂಡ ದೃಶ್ಯ ಇಡೀ ಧಾರಾವಾಹಿಯ ಕಿರೀಟಪ್ರಾಯ. ‘ದಿ ಬೆಲ್ಸ್’ನಲ್ಲಿ ತಮ್ಮ ಟಿರಿಯನ್ ಅವನ ಸಂಕೋಲೆ ಬಿಡಿಸುತ್ತಾ ಊರಿನ ಅಮಾಯಕರನ್ನು ನೆನಪಿಸಿದರೆ, ಅಮಾಯಕರಾಗಲಿ ಅಲ್ಲದವರಾಗಲಿ, ಜನರ ಬಗ್ಗೆ ತಾನೆಂದೂ ಅಷ್ಟಾಗಿ ತಲೆಕೆಡಿಸಿಕೊಂಡಿಲ್ಲ ಎನ್ನುತ್ತಾನೆ. ಡೆನೇರಿಸ್ ಬದಲಾದದ್ದಕ್ಕೆ ಕಾರಣಗಳನ್ನಾದರೂ ಹುಡುಕಬಹುದು. ಜೇಮಿಯ ಈ ಮಾತಿಗೆ ಏನನ್ನು ಹುಡುಕುವುದು? ಊರು ಉರಿಯುವಾಗ ನಡುನಡುವೆ ಹಸಿರು ಜ್ವಾಲೆಗಳು ಚಿಮ್ಮುವುದನ್ನು ಗಮನಿಸಿ. ಅದು ಅಂದು ಅವನು ಹೊತ್ತಿಸಗೊಡದ ಅದೇ ರಸ. ದೃಶ್ಯ ಸಂಯೋಜಿಸಿದವರಿಗೆ ನೆನಪಿದ್ದದ್ದು ಮಾತು ಬರೆದವರಿಗೆ ಮರೆತಿತ್ತು.

ನಾಲ್ಕನೆಯ ಕಂತಿನಲ್ಲಿ ಮೂರು ಬಾಣಗಳಿಂದ ಡ್ರ್ಯಾಗನ್ ಬೀಳಿಸಿದ ಯಂತ್ರಗಳು ಮುಂದಿನ ಕಂತಿನಲ್ಲಿ ಒಂದೂ ಗುರಿ ಮುಟ್ಟದೆ ಹೋದದ್ದರ ಬಗ್ಗೆ ನಾನು ಏನನ್ನೂ ಬರೆಯುವುದಿಲ್ಲ.

ಉತ್ತರ: ತೆರೆಮರೆ

ಬರವಣಿಗೆಯ ಮೇಲಿನ ದೂರುಗಳನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ನಿರ್ದೇಶಕ ಮಿಗೆಲ್ ಸಪೋಚ್ನಿಕ್ ಅವರ ಕೆಲಸವನ್ನು ಅದರೊಡನೆ ಕೊಚ್ಚಿಹೋಗಲು ಬಿಡಬಾರದು. ಹಿಂದಿನ ಸೀಸನ್‌ಗಳಲ್ಲಿ ಕಿಂಗ್ಸ್ ಲ್ಯಾಂಡಿಂಗ್ ಎಂದು ನಾವು ಕಂಡದ್ದು ಹೆಚ್ಚಾಗಿ ಕ್ರೊಯೇಷಿಯಾದ ಡುಬ್ರಾವ್ನಿಕ್ ಪಟ್ಟಣವನ್ನು. ನಿಜವಾದ ಹಳೆಯ ಪಟ್ಟಣವನ್ನು ಸುಡಲಾಗದಿದ್ದುದರಿಂದ ಬೆಲ್‌ಫಾಸ್ಟ್‌ನಲ್ಲಿ ಅದರ ಬೀದಿಗಳನ್ನು ಹೋಲುವ ದೊಡ್ಡ ಸೆಟ್ಟನ್ನು ಕಟ್ಟಿ ಕೆಡವಿದರು. 78 ನಿಮಿಷಗಳ ಕಂತಿನ ಉತ್ತರಾರ್ಧದಲ್ಲಿ ಯುದ್ಧವನ್ನು ಆಕಾಶದಿಂದ ಕೆಳಗಿಳಿಸಿ, ಊರಿನೊಳಗೆ ಸಿಕ್ಕಿಕೊಂಡು ಬೂದಿ ಮೆತ್ತಿದ ಹುಡುಗಿ ಆರ್ಯಾಳ ಎತ್ತರಕ್ಕೆ ಕ್ಯಾಮೆರಾವನ್ನು ತಂದು ನಿಲ್ಲಿಸಿದ್ದು ಅವರ ದೊಡ್ಡ ಸಾಧನೆ. ಡ್ರ್ಯಾಗನ್ ಬೆಂಕಿಯುಗುಳಿದಾಗಲೆಲ್ಲ ಶಿಳ್ಳೆ ಹಾಕುತ್ತಿದ್ದ ನಮ್ಮನ್ನು ಮೊದಲ ಬಾರಿಗೆ ಆ ಬೆಂಕಿಯ ಕೆಳಗೆ ಓಡಿಸಿದರು.

ಗಮನಿಸಬೇಕಾದ ಇನ್ನೊಂದು ಅಂಶವಿದೆ. ಗೋಡೆಯಿಂದ ಹಾರಿದ ಮೇಲೆ ಆ ಕಂತಿನಲ್ಲಿ ಡೆನೇರಿಸ್‌ಳ ಮುಖ ಮತ್ತೆ ಕಾಣುವುದೇ ಇಲ್ಲ. ನೆಲದ ಮೇಲಿರುವವರಿಗೆ ಅವಳೀಗ ಹೆಣ್ಣಲ್ಲ, ಬರೀ ರೆಕ್ಕೆಯ ನೆರಳು ಎಂಬ ಅರ್ಥದಲ್ಲಿ ಇದು ಬೆರಗಿನ ಆಯ್ಕೆ. ಆದರೆ ಕಂದೀಲು ಅವರು ಕೇಳುತ್ತಿರುವ ನಡಿಗೆ ಕಾಣದೆ ಹೋದದ್ದಕ್ಕೂ ಇದೇ ಕಾರಣವಾಗಿರಬಹುದು. ಡೆನೇರಿಸ್ ಪಾತ್ರಧಾರಿ ಎಮಿಲಿಯಾ ಕ್ಲಾರ್ಕ್ ಅವರು ಗೋಡೆಯ ಮೇಲಿನ ಆ ಕೆಲವು ಕ್ಷಣಗಳಲ್ಲಿ, ಒಂದು ಮಾತೂ ಇಲ್ಲದೆ, ಬರಹಗಾರರು ಬರೆಯದೆ ಬಿಟ್ಟದ್ದನ್ನೆಲ್ಲ ಮುಖದಲ್ಲಿ ತರಲು ಹೆಣಗಿದ್ದಾರೆ. ಇನ್ನೆರಡು ಸಲ, ಹಾರಾಟದ ನಡುವೆ, ಅದೇ ಮುಖವನ್ನು ತೋರಿಸಿದ್ದರೆ ಈ ಚರ್ಚೆಯ ಅರ್ಧ ಭಾಗ ಇರುತ್ತಿರಲಿಲ್ಲವೆಂದು ನನ್ನ ಊಹೆ.

ಮರುನುಡಿ: ಎರಡನೇ ಸುತ್ತು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಕಂತನ್ನು ಮತ್ತೆ ನೋಡಿದೆ. ಕಂದೀಲು ಅವರು ಹೇಳಿದ ಆಡು ಕಾಯುವವನ ದೃಶ್ಯವನ್ನೂ ಅದಕ್ಕೂ ಮೊದಲು ಇನ್ನೊಮ್ಮೆ ನೋಡಿಕೊಂಡೆ. ಕಾಲದ ಕೊರತೆಯ ಬಗ್ಗೆ ಅವರ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೊದಲ ಸಲ ನನ್ನ ಸಿಟ್ಟಿಗಿದ್ದ ಕಾರಣವೂ ಅದೇ ಎಂದು ಈಗ ಗೊತ್ತಾಗುತ್ತಿದೆ. ಜೇಮಿಯ ಮಾತಿಗೆ ನನ್ನಲ್ಲೂ ಸಮಾಧಾನವಿಲ್ಲ.

ಆದರೆ ಒಂದು ವಿಷಯ ಇಲ್ಲಿ ಯಾರೂ ಬರೆಯಲಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ಆ ಕೂಸನ್ನು ಸುಟ್ಟದ್ದು ಕಪ್ಪು ಡ್ರ್ಯಾಗನ್, ಎಂದರೆ ಡ್ರೋಗಾನ್. ಅದು ಆಗಲೇ ಹಾರಿಹೋಗಿ ಕೈಗೆ ಸಿಗದಿದ್ದರಿಂದ, ಡೆನೇರಿಸ್ ಸರಪಳಿ ಬಿಗಿದದ್ದು ಆ ತಪ್ಪು ಮಾಡದ ಉಳಿದೆರಡಕ್ಕೆ, ರೇಗಲ್ ಮತ್ತು ವಿಸೇರಿಯನ್‌ಗೆ. ‘ದಿ ಬೆಲ್ಸ್’ ಹೊತ್ತಿಗೆ ಆ ಎರಡೂ ಸತ್ತಿವೆ, ಉಳಿದಿರುವುದು ಡ್ರೋಗಾನ್ ಒಂದೇ. ಆರ್ಯಾ ಕೊನೆಗೆ ಎದ್ದು ನೋಡುವಾಗ ತಾಯಿ ಮಗಳು ಅಪ್ಪಿಕೊಂಡಂತೆಯೇ ಕರಕಲಾಗಿ ಬಿದ್ದಿದ್ದಾರೆ, ಮಗುವಿನ ಕೈಯಲ್ಲಿದ್ದ ಮರದ ಕುದುರೆಯೂ ಕಪ್ಪಾಗಿದೆ. ಬರೆದವರು ಇದನ್ನು ಉದ್ದೇಶಪೂರ್ವಕವಾಗಿ ಹೆಣೆದರೋ ತಾನಾಗಿ ಕೂಡಿಬಂತೋ ತಿಳಿಯದು, ಆದರೆ ಅಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕೊನೆಯ ಕಂತನ್ನು ಇನ್ನೂ ಹಾಕಿಲ್ಲ.