ಗೋಂದಿನ ಬಾಟಲಿ ಮೊದಲು ತೆಗೆಯಬೇಡ ಪುಟ್ಟೀ

ಪುಟ್ಟೀ, ದೊಡ್ಡಮ್ಮ ಮಾತಾಡುವುದು. ನಿನ್ನೆ ರಾತ್ರಿ ನೀನು ಗ್ರೂಪಿನಲ್ಲಿ ಹಾಕಿದ್ದನ್ನು ಈಗ ಓದಿದೆ. ಲೈಬ್ರರಿಯವರು ಜೂನ್‌ನಲ್ಲಿ ಎರಡು ದಿನದ ಮಿಕ್ಸೆಡ್ ಮೀಡಿಯಾ ಬಟ್ಟೆ ಕಲೆಯ ಶಿಬಿರ ಮಾಡಿಕೊಡು ಅಂದಿದ್ದಾರೆ, 25 ಜನ ಹೆಸರು ಕೊಟ್ಟಾಗಿದೆ, ಅರ್ಧ ಜನ ಸೂಜಿಯೇ ಹಿಡಿದವರಲ್ಲ, ಬಣ್ಣ ಹೊಲಿಗೆ ಕಾಗದ ಮಣಿ ಎಲ್ಲ ಒಟ್ಟಿಗೆ ಹೇಗೆ ಕಲಿಸಲಿ, ಹೆದರಿಕೆ ಆಗುತ್ತದೆ ಅಂತ ಬರೆದಿದ್ದೀಯ. ಎಲ್ಲರೂ ಶುಭವಾಗಲಿ ಅಂದಿದ್ದಾರೆ, ಒಳ್ಳೆಯದೇ. ಆದರೆ ನೀನು ಕೇಳಿದ್ದಕ್ಕೆ ಯಾರೂ ಉತ್ತರ ಹೇಳಲಿಲ್ಲ. ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಕೆಲಸ ಮುಗಿಸಿ ಕೂತು ಕೇಳು.

ಒಂದೇ ಮಾತು ಮೊದಲು ಹೇಳಿಬಿಡುತ್ತೇನೆ. ಗೋಂದಿನ ಬಾಟಲಿಯನ್ನು ಮೊದಲು ಮೇಜಿನ ಮೇಲೆ ಇಡಬೇಡ. ಉಳಿದದ್ದೆಲ್ಲ ಹೇಗೋ ಸರಿ ಮಾಡಬಹುದು, ಇದನ್ನು ಸರಿ ಮಾಡಲಿಕ್ಕೆ ಆಗುವುದಿಲ್ಲ.

ನಮ್ಮ ದೊಡ್ಡವನ ಉಪನಯನ ಆದ ಮುಂದಿನ ವರ್ಷ, ಮಾವನವರು ಇನ್ನೂ ಇದ್ದರು, ಬದಿಯಡ್ಕದ ಹತ್ತಿರ ಒಂದು ಸಭಾಭವನದಲ್ಲಿ ಕಲಿಸಲಿಕ್ಕೆ ನನ್ನನ್ನು ಹೀಗೇ ಕರೆದಿದ್ದರು. ಪೆರ್ಲದ ಚಿಕ್ಕಮ್ಮನಿಗೆ ಗೊತ್ತು, ಅವಳೂ ಬಂದಿದ್ದಳು. ಆಗ ಮಿಕ್ಸೆಡ್ ಮೀಡಿಯಾ ಅನ್ನುವ ಹೆಸರೆಲ್ಲ ನಮಗೆ ಗೊತ್ತಿರಲಿಲ್ಲ. ಬಟ್ಟೆಗೆ ಬಣ್ಣ ಹಚ್ಚುವುದು, ಅದರ ಮೇಲೆ ತುಂಡುಬಟ್ಟೆ ಅಂಟಿಸುವುದು, ಸುತ್ತ ಹೊಲಿಯುವುದು, ಕೊನೆಗೆ ಚಮಕಿ ಮಣಿ. ಅಷ್ಟೇ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಎರಡು ವಾರ ಆಗಿತ್ತು, ಮಳೆ ಹಿಡಿದದ್ದು ಬಿಟ್ಟೇ ಇರಲಿಲ್ಲ. ನನಗೆ ಮನೆಯಲ್ಲಿ ಕೂತು ಮಾಡಿ ಗೊತ್ತಿತ್ತು, 22 ಜನರನ್ನು ಕೂರಿಸಿ ಮಾಡಿಸಿ ಗೊತ್ತಿರಲಿಲ್ಲ. ಸೂಜಿ ಹಿಡಿಯದವರು ಇದ್ದಾರಲ್ಲ, ಅವರಿಗೆ ಮೊದಲು ಸುಲಭದ ಕೆಲಸ ಕೊಡೋಣ ಅಂತ ಬಿಳಿ ಗೋಂದು ಹಂಚಿ, ತಂದ ತುಂಡುಗಳನ್ನು ಅಂಟಿಸಿ ಅಂದೆ.

ಅವರಲ್ಲಿ ಒಬ್ಬರು ವಯಸ್ಸಾದವರು. ತಾಯಿಯ ಸೀರೆಯ ಸೆರಗು ತಂದಿದ್ದರು. ಕಾಸರಗೋಡು ಸೀರೆ, ನಮ್ಮ ನೇಕಾರರು ಕೈಮಗ್ಗದಲ್ಲಿ ನೇಯ್ದದ್ದು, ಸಣ್ಣ ಚೌಕಳಿ. ಆ ಸೀರೆ ನಿಮಗೆಲ್ಲ ಗೊತ್ತಲ್ವಾ, ನಮ್ಮ ಅಮ್ಮನ ಪೆಟ್ಟಿಗೆಯಲ್ಲೂ ಎರಡು ಇದ್ದವು. ಎಷ್ಟು ಒಗೆದರೂ ಬಣ್ಣ ಬಿಡುವುದಿಲ್ಲ. ತಾಯಿ ತೀರಿಕೊಂಡು ಎಷ್ಟೋ ವರ್ಷ ಆದ ಮೇಲೂ ಆ ಸೆರಗಿನ ನೀಲಿ ಹಾಗೇ ಇತ್ತು. ಇದನ್ನು ನಡುವಿನಲ್ಲಿ ಇಟ್ಟು ಗೋಡೆಗೆ ಹಾಕುವ ಹಾಗೆ ಮಾಡಿಕೊಡಿ ಅಂದರು. ನಾನೇ ಕತ್ತರಿಸಿದೆ ಪುಟ್ಟೀ. ನಾನೇ ಗೋಂದು ಹಚ್ಚಿದೆ.

ಮರುದಿನ ಬಂದು ನೋಡಿದರೆ ಗೋಂದು ನಡುವೆ ಇನ್ನೂ ಹಸಿ, ಅಂಚಿನಲ್ಲಿ ಗಟ್ಟಿ. ತೆಳು ಬಟ್ಟೆ ಅಲ್ವಾ, ಗೋಂದು ಎಳೆಗಳ ನಡುವಿನಿಂದ ಮೇಲೆ ಬಂದು ಸೆರಗಿನ ಮುಖದ ಮೇಲೆಲ್ಲ ಹರಡಿತ್ತು. ಕೆಳಗಿನ ಬಟ್ಟೆಯ ಬಣ್ಣವೂ ಒಣಗಿರಲಿಲ್ಲ, ಅದು ಗೋಂದಿನ ನೀರಿಗೆ ಕರಗಿ ಕೆಂಪು ಕೆಂಪಾಗಿ ನೀಲಿಗೆ ಹತ್ತಿತ್ತು. ಹೊಲಿಯಲು ಹೋದರೆ ಸೂಜಿ ದಾಟುವುದಿಲ್ಲ. ಒಣಗಿದ ಗೋಂದು ಪ್ಲಾಸ್ಟಿಕ್ ಇದ್ದ ಹಾಗೆ. ಅಡ್ಡ ಒತ್ತಿದರೆ ಸೂಜಿ ತುಂಡಾಗುತ್ತದೆ, ಆ ದಿನ ಏಳೆಂಟು ಸೂಜಿ ಹೋಯಿತು, ಒಬ್ಬಳ ಬೆರಳಿಗೆ ಚುಚ್ಚಿ ರಕ್ತ ಬಂತು. ಆ ಅಮ್ಮ ಏನೂ ಹೇಳಲಿಲ್ಲ. ಆ ತುಂಡನ್ನು ಮೆಲ್ಲಗೆ ಮಡಚಿ ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಮಳೆಯಲ್ಲೇ ಬಸ್ಸಿಗೆ ಹೋದರು. ಅವರು ಬೈದಿದ್ದರೆ ನನಗೆ ಇಷ್ಟು ವರ್ಷ ನೆನಪು ಇರುತ್ತಿರಲಿಲ್ಲವೇನೋ.

ಅದಕ್ಕೇ ಹೇಳುವುದು, ಗೋಂದಿನ ಬಾಟಲಿ ಮೊದಲು ತೆಗೆಯಬೇಡ. ಕೇಳಿದವರಿಗೂ ಕೊಡಬೇಡ, ಬ್ಯಾಗಿನಲ್ಲೇ ಇರಲಿ. ತುಂಡು ನಿಲ್ಲಬೇಕಾದರೆ ಗುಂಡುಸೂಜಿ ಹಾಕಿಸು, ಇಲ್ಲದಿದ್ದರೆ ಉದ್ದುದ್ದ ಹೊಲಿಗೆ ಹಾಕಿ ಆಮೇಲೆ ಬಿಚ್ಚಿಸು. ಕಾಗದವನ್ನೂ ಹೊಲಿಯಬಹುದು. ಹೊಲಿಗೆ ಉದ್ದ ಇರಬೇಕು ಅಷ್ಟೇ, ಸಣ್ಣ ಸಣ್ಣ ಹೊಲಿಗೆ ಹತ್ತಿರ ಹತ್ತಿರ ಹಾಕಿದರೆ ಅಂಚೆಚೀಟಿಯ ಅಂಚಿನ ಹಾಗೆ ತೂತು ಬಿದ್ದು ಅಲ್ಲೇ ಹರಿಯುತ್ತದೆ. ಮತ್ತೆ ಯಾರಾದರೂ ಅಜ್ಜಿಯ ಸೀರೆ, ಮಗುವಿನ ಮೊದಲ ಅಂಗಿ ಅಂತ ತಂದೇ ತರುತ್ತಾರೆ. ಮೊದಲ ದಿನ ಅದಕ್ಕೆ ಕತ್ತರಿ ಹಾಕಲು ಬಿಡಬೇಡ.

ಇನ್ನೊಂದು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ ಯಾರೂ. ಆ ಶಿಬಿರದ ಕೊನೆಗೆ ನನಗೆ ಶಾಲು ಹೊದೆಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಬಟ್ಟೆ, ನೂಲು, ಬಣ್ಣ ಎಲ್ಲ ನನ್ನ ಕೈಯಿಂದ ಹೋಗಿತ್ತು, ಕಾಸರಗೋಡಿಗೆ ಎರಡು ಸಲ ಹೋಗಿ ತಂದದ್ದು. ದುಡ್ಡಿನ ಮಾತು ಅವರು ತೆಗೆಯಲಿಲ್ಲ, ನನಗೆ ಕೇಳಲು ಬಾಯಿ ಬರಲಿಲ್ಲ. ಅಲ್ಲೇ ವೇದಿಕೆಗೆ ಶಾಮಿಯಾನ ಹಾಕಿದವನಿಗೆ, ಮೈಕಿನವನಿಗೆ ಲೆಕ್ಕ ಚುಕ್ತಾ ಮಾಡಿ ಕೊಟ್ಟರು, ನಾನು ನೋಡುತ್ತಾ ನಿಂತಿದ್ದೆ. ಹೆಂಗಸರ ಕೈಕೆಲಸ ಅಂದರೆ ಹೊತ್ತು ಕಳೆಯಲು ಮಾಡುವುದು ಅಂತ ತಿಳಿದಿದ್ದಾರೆ. ನಮ್ಮ ಮನೆಯಲ್ಲೂ ಹಾಗೇ ಇತ್ತು, ಸುಳ್ಳು ಹೇಳುವುದಿಲ್ಲ. ರಾತ್ರಿ ಒಂದು ಗಂಟೆವರೆಗೆ ಹೊಲಿದರೆ ಕರೆಂಟು ಸುಮ್ನೆ ಉರಿಯುತ್ತದೆ ಅನ್ನುತ್ತಿದ್ದರು. ಕಾಸರಗೋಡಿನ ನೇಕಾರರ ಸಹಕಾರಿ ಸಂಘ ಶುರುವಾದದ್ದು 1938ರಲ್ಲಿ, ಆ ಸೀರೆಗೆ ಈಗ ಇದು ಈ ಊರಿನದ್ದೇ ಅನ್ನುವ ಜಿಐ, ಅಂದರೆ ಭೌಗೋಳಿಕ ಗುರುತೂ ಸಿಕ್ಕಿದೆ, ಆದರೆ ನಮ್ಮ ಮದುವೆ ಮನೆಗಳಲ್ಲಿ ಅದನ್ನು ಉಟ್ಟವರನ್ನು ನಾನು ನೋಡದೆ ಎಷ್ಟು ಕಾಲವಾಯಿತು. ಕೈಯಲ್ಲಿ ಮಾಡಿದ್ದಕ್ಕೆ ಹೊಗಳಿಕೆ ಜಾಸ್ತಿ, ಬೆಲೆ ಕಡಿಮೆ. ನೀನು ಹಾಗೆ ಮಾಡಿಕೊಳ್ಳಬೇಡ ಮಗಳೇ. ಸಾಮಾನಿನ ದುಡ್ಡು ಬೇರೆ, ಕಲಿಸುವ ದುಡ್ಡು ಬೇರೆ ಅಂತ ಈಗಲೇ ಹೇಳು. ಸಾಮಾನಿನದ್ದು ಮೊದಲೇ ತೆಗೆದುಕೋ.

ಅಯ್ಯೋ, ನೀನು ಕೇಳಿದ್ದು ಹೇಗೆ ಕಲಿಸುವುದು ಅಂತ. ಅದನ್ನೇ ಬಿಟ್ಟೆ ನೋಡು.

ಎರಡು ದಿನ ಬೆನ್ನುಬೆನ್ನಿಗೆ ಇಡಬೇಡ. ಒಂದು ಭಾನುವಾರ, ಮತ್ತೆ ಮುಂದಿನ ಭಾನುವಾರ. ಜೂನ್‌ನಲ್ಲಿ ಒಂದು ರಾತ್ರಿಯಲ್ಲಿ ಬಣ್ಣ ಒಣಗುವುದಿಲ್ಲ, ನಡುವೆ ಒಂದು ವಾರ ಸಿಕ್ಕಿದರೆ ಅವರವರ ಮನೆಯಲ್ಲಿ ಒಲೆಯ ಹತ್ತಿರ ನೇತುಹಾಕಿ ಒಣಗಿಸುತ್ತಾರೆ. ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಹಾಕಿ ತನ್ನಿ ಅನ್ನು, ಆಗ ಬಣ್ಣ ನಿಲ್ಲುತ್ತದೆ. ಪಾಲಿಯೆಸ್ಟರ್ ಬಟ್ಟೆ ಬೇಡ ಅಂತ ಮೊದಲೇ ಹೇಳು, ಆ ಬಿಸಿಗೆ ಮುದುಡುತ್ತದೆ. 25 ಜನರನ್ನು ಒಟ್ಟಿಗೆ ಕೂರಿಸಬೇಡ, ಬೆಳಿಗ್ಗೆ 12, ಮಧ್ಯಾಹ್ನ ಮೇಲೆ 13. ಒಬ್ಬೊಬ್ಬರ ಕೈ ನೀನು ನೋಡಬೇಕಲ್ಲ.

ಮೊದಲ ಭಾನುವಾರ ಬಣ್ಣ. ತೆಳುವಾಗಿ ಹಚ್ಚಿಸು, ದಪ್ಪ ಬಣ್ಣದಲ್ಲೂ ಸೂಜಿ ಸಿಕ್ಕಿಬೀಳುತ್ತದೆ. ಅದನ್ನು ಬದಿಗೆ ಇಟ್ಟು ಇನ್ನೊಂದು ಖಾಲಿ ತುಂಡಿನಲ್ಲಿ ಹೊಲಿಗೆ ಅಭ್ಯಾಸ ಮಾಡಿಸು. ಸಾದಾ ಹೊಲಿಗೆ ಮತ್ತು ಸರಪಳಿ ಹೊಲಿಗೆ ಸಾಕು, ಹೊಸಬರಿಗೆ ಅದೇ ಜಾಸ್ತಿ. ದೊಡ್ಡ ಕಣ್ಣಿನ ಸೂಜಿ ಕೊಡು, ಕಸೂತಿ ನೂಲಿನ ಆರು ಎಳೆಯಲ್ಲಿ ಮೂರು ತೆಗೆದು ಪೋಣಿಸಲು ಹೇಳು. ಎರಡನೆಯ ಭಾನುವಾರ ಬಣ್ಣದ ಬಟ್ಟೆಗೆ ತುಂಡು, ಕಾಗದ, ಹೊಲಿಗೆ, ಮಣಿ. ಆಗ ಬೇಕಾದರೆ ಅಂಚಿಗೆ ಗೋಂದು.

ಬಟ್ಟೆ ಬಿಳಿ ಹತ್ತಿ, 44 ಇಂಚು ಅಗಲದ್ದು 6 ಮೀಟರ್ ತೆಗೆದುಕೋ. 12 ಇಂಚಿನ ಚೌಕ ಮಾಡಿದರೆ ಮೀಟರಿಗೆ 9 ಬರುತ್ತದೆ, ಒಬ್ಬರಿಗೆ ಎರಡರಂತೆ 50 ಬೇಕು, ನಾಲ್ಕು ಉಳಿಯುತ್ತದೆ. ಆದರೆ ಕತ್ತರಿಸುವ ಮೊದಲು ಬಿಸಿನೀರಿನಲ್ಲಿ ನೆನೆಸಿ ಒಗೆಯಲೇಬೇಕು. ಹೊಸ ಬಟ್ಟೆಯ ಗಂಜಿ ಹೋಗದಿದ್ದರೆ ಬಣ್ಣ ಹಿಡಿಯುವುದಿಲ್ಲ, ಮತ್ತೆ ಕುಗ್ಗಿದರೆ ಹೊಲಿದದ್ದೆಲ್ಲ ಸುಕ್ಕಾಗುತ್ತದೆ. ಏನೇನು ತರಬೇಕು ಅನ್ನುವ ಚೀಟಿಯನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆ, ಕೇರಳದ ಕುಟುಂಬಶ್ರೀ ಮಹಿಳಾ ಸಂಘದ ಹೆಂಗಸರೂ ಬರುತ್ತಾರೆ.

ಈ ಶನಿವಾರ ನೀರ್ಚಾಲಿನ ಭಾವ ಈ ಕಡೆ ಬರುವವರಿದ್ದಾರೆ, ಬಟ್ಟೆ ಅವರ ಕೈಯಲ್ಲಿ ಕಳಿಸು. ಪತ್ತನಾಜೆಯವರೆಗೆ ನಮ್ಮ ಅಂಗಳದಲ್ಲಿ ಒಳ್ಳೆಯ ಬಿಸಿಲು ಇದೆ, ನಾನೇ ಒಗೆದು ಒಣಗಿಸಿ ಇಡುತ್ತೇನೆ.