ನೆಲ ಒರೆಸುವ ಬಟ್ಟೆಗೆ ಎಷ್ಟು ಪದರ?

ಸೂಜಿದಾರ: ಹಳೇ ಕಾಟನ್ ಸೀರೆ, ಪಂಚೆ, ಟರ್ಕಿ ಟವೆಲ್ ಬಿಸಾಕಬೇಡಿ. 18×24 ಇಂಚು ಕತ್ತರಿಸಿ. ಮೇಲೆ ಕೆಳಗೆ ಸೀರೆ, ನಡುವೆ ಟವೆಲ್ ಎರಡು ಪದರ. ಮೂರು ಕಡೆ ಒಳಮಗ್ಗುಲಲ್ಲಿ ಹೊಲಿದು, ತಿರುವಿ, ನಾಲ್ಕನೇ ಕಡೆ ಮುಚ್ಚಿದರಾಯ್ತು. ಒಂದು ಚೊಂಬು ನೀರು ಚೆಲ್ಲಿದ್ರೂ ಹೀರುತ್ತೆ.

ಕೌದಿಯಕ್ಕ: ಹೀರತೈತಿ ಖರೆ, ಹಿಂಡೋರು ಯಾರ್ರೀ? ಮಳಿಗಾಲದಾಗ ನಾಲ್ಕು ಪದರ ಒಣಗೂದಿಲ್ಲ, ನಡುವಿನ ಟವೆಲ್ ನಾರಾಕ ಹತ್ತತೈತಿ. ನೆಲಕ್ಕ ಎರಡು ಪದರ ಸಾಕು. ಮತ್ತ ಅಂಚಿಗಷ್ಟ ಹೊಲದು ಬಿಟ್ರ, ಒಗದಾಗ ಒಳಗಿಂದು ಮುದ್ದಿ ಆಗಿ ಒಂದ ಮೂಲಿಗೆ ಕೂಡತೈತಿ. ಕೌದಿಗೆ ಹಾಕಿದಂಗ ಎರಡೆರಡು ಇಂಚಿಗೆ ಒಂದು ಸಾಲು ಸಾದಾ ಹೊಲಿಗಿ ಹಾಕ್ರಿ.

ಬಾಬಿನ್: ಪದರ ಎಣಿಸೋ ಮೊದಲು ಬಟ್ಟೆ ಯಾವುದು ನೋಡಿ. ಪಾಲಿಯೆಸ್ಟರ್ ಬೆರೆತ ನೈಟಿ, ಶರ್ಟು ನೀರನ್ನು ತಳ್ಳಿಕೊಂಡು ಹೋಗುತ್ತವೆ ಅಷ್ಟೇ. ನಾಲ್ಕು ಎಳೆ ಬಿಚ್ಚಿ ಕಡ್ಡಿ ಗೀರಿ ಹಚ್ಚಿ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ, ಮೆತ್ತನೆ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತೆ. ಗಂಜಿ ಹಾಕಿದ ಸೀರೆಯನ್ನು ಬಿಸಿನೀರಲ್ಲಿ ನೆನೆಸಿ ಒಗೀರಿ. ಟೈಲರ್ ಅಂಗಡಿಯ ಹೊಸ ಚೂರನ್ನೂ ಮೊದಲು ಒಗೀರಿ, ಇಲ್ಲವಾದರೆ ಅದೊಂದೇ ಕುಗ್ಗಿ ಇಡೀ ಬಟ್ಟೆ ಸೊಟ್ಟಗಾಗುತ್ತೆ.

ಸೂಜಿದಾರ: ಎರಡೇ ಪದರ ಮಾಪ್ ಕೋಲಿಗೆ ಸಿಕ್ಕಿಸಿದರೆ ಸುರುಳಿ ಸುತ್ತುತ್ತೆ ಅಕ್ಕ. ಸರಿ, ಟವೆಲ್ ಒಂದು ಪದರಕ್ಕೆ ಇಳಿಸೋಣ, ಅದಕ್ಕಿಂತ ಕಮ್ಮಿ ಒಪ್ಪಲ್ಲ. ಮೂಲೆಯಲ್ಲಿ ಸೂಜಿ ಮುರಿಯೋದಕ್ಕೆ ಏನು ಮಾಡೋದು?

ಬಾಬಿನ್: ಮೆಷಿನ್ನಿಗೆ 14ನೇ ನಂಬರ್ ಸೂಜಿ ಹಾಕಿರ್ತೀರಿ. ಅದಕ್ಕಿಂತ ದಪ್ಪನೆಯ 16 ಹಾಕಿ, ಹೊಲಿಗೆಯ ಉದ್ದ 3.5 ಮಿ.ಮೀ.ಗೆ ಇಡಿ. ತಿರುವೋ ಮೊದಲು ಮೂಲೆಯನ್ನು ಹೊಲಿಗೆಗೆ ತಾಗದಂತೆ ಓರೆಯಾಗಿ ಕತ್ತರಿಸಿ. ದಪ್ಪ ಇರೋ ಕಡೆ ಪೆಡಲ್ ಬಿಟ್ಟು ಕೈಯಲ್ಲೇ ಚಕ್ರ ತಿರುಗಿಸಿ.

ಕೌದಿಯಕ್ಕ: ಉಳಿದ ಟವೆಲ್ ತುಂಡು ಮಸಿ ಅರಿವಿಗೆ ಇಟ್ಕೋರಿ. ಎಂಟು ಇಂಚಿನ ಚೌಕ, ಅಲ್ಲಿ ನಾಲ್ಕು ಪದರಾನ ಬೇಕು. ದಾರಾನೂ ಹತ್ತೀದ ಇರಲಿ, ಪಾಲಿಯೆಸ್ಟರ್ ದಾರ ಉರಿ ತಾಗಿದ್ರ ಕರಗತೈತಿ. ಅರಿವಿ ಹಸಿ ಇದ್ದಾಗ ಮಾತ್ರ ಒಲಿಮ್ಯಾಲಿನ ಪಾತ್ರಿ ಹಿಡೀಬ್ಯಾಡ್ರಿ. ನೀರು ಕುಡದ ಅರಿವಿಯೊಳಗ ಶಾಖ ಭಾಳ ಲಗೂ ಕೈಗೆ ಬರತೈತಿ.

ಬಾಬಿನ್: ಒಗೆಯುವಾಗ ಬಟ್ಟೆ ಮೆತ್ತಗಾಗಿಸೋ ಕಂಫರ್ಟ್ ಥರದ್ದು ಹಾಕಬೇಡಿ. ಎಳೆಗೆ ಅಂಟಿಕೊಂಡು ಹೀರೋ ಗುಣ ಕಮ್ಮಿ ಮಾಡುತ್ತೆ. ವಾಷಿಂಗ್ ಸೋಡಾ ಹಾಕಿದ ಬಿಸಿನೀರು ಸಾಕು.

ಸೂಜಿದಾರ: ಅಕ್ಕ, ಮೂರು ಪದರಕ್ಕೆ ಒಪ್ಪಿದ್ರಾ ಇಲ್ವಾ?

ಕೌದಿಯಕ್ಕ: ಬ್ಯಾಸಗಿಗೆ ಮೂರು, ಮಳಿಗಾಲಕ್ಕ ಎರಡ.