ಕತೆಯೇ ಸುಳ್ಳು ಅನ್ನಬೇಡಿ ಭಾವ

ವಾಟ್ಸಾಪ್ ಗುಂಪು: ನಮ್ಮ ಮನೆಯವರು

ಗಣೇಶ ಭಾವ, ಬೆಳಗ್ಗೆ 7:12
ಫಾರ್ವರ್ಡ್ ಬಂದದ್ದು: "ಎಂಡೋಸಲ್ಫಾನಿನಿಂದ ಕಾಯಿಲೆ ಬಂತು ಅನ್ನುವ ಕತೆಯೇ ಸುಳ್ಳು. ಪೇಟೆಂಟ್ ಮುಗಿದ ಅಗ್ಗದ ಕೀಟನಾಶಕ ಮದ್ದನ್ನು ನಿಲ್ಲಿಸಿ ತಮ್ಮ ದುಬಾರಿ ಮದ್ದು ಮಾರಲು ವಿದೇಶಿಯರು ಹೂಡಿದ ಆಟ. ಎಲ್ಲರಿಗೂ ಕಳಿಸಿ."

ಗಣೇಶ ಭಾವ, 7:13
ಎಲ್ಲರೂ ಓದಿ. ನಾನೂ ಹತ್ತು ವರ್ಷ ಹೊಡೆದಿದ್ದೇನೆ. ನನಗೇನಾಗಿದೆ?

ಸುಮಾ, 7:40
ಭಾವ, ವ್ಯಾಪಾರದ ಲೆಕ್ಕಾಚಾರ ಇದ್ದರೂ ಇರಬಹುದು. ಆದರೆ ಕಾಸರಗೋಡಿನ ನಮ್ಮ ಪಡ್ರೆಯ ಮಕ್ಕಳ ರಕ್ತದಲ್ಲಿ ಸಿಕ್ಕಿದ್ದನ್ನು ವಿದೇಶಿಯರು ತಂದು ಹಾಕಲಿಲ್ಲ. ಪರೀಕ್ಷೆ ಮಾಡಿದ್ದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ, ನಮ್ಮದೇ ಸರಕಾರದ್ದು. 2003ರಲ್ಲಿ ಪ್ರಕಟವಾಗಿದೆ. ಗೇರುಗುಡ್ಡದ ಬುಡದ ಊರಿನ 10ರಿಂದ 19 ವರ್ಷದ 117 ಹುಡುಗರು. ಹೋಲಿಸಲು, ಹೆಲಿಕಾಪ್ಟರ್ ಮದ್ದು ಬಿಡದ ಊರಿನ 90 ಹುಡುಗರು. ಹೆಲಿಕಾಪ್ಟರ್ ಬರುವುದು ನಿಂತು ಹತ್ತು ತಿಂಗಳಾಗಿತ್ತು. ಆದರೂ ನಮ್ಮ ಕಡೆಯವರ ರಕ್ತದಲ್ಲಿ ಸರಾಸರಿ 7.47 ಪಿಪಿಬಿ (ನೂರು ಕೋಟಿಗೆ ಇಷ್ಟು ಪಾಲು ಅಂತ) ಎಂಡೋಸಲ್ಫಾನ್, ಅವರಲ್ಲಿ 1.37. ಪ್ರಾಯ ಒಂದೇ ಇದ್ದರೂ ನಮ್ಮ ಹುಡುಗರು ದೊಡ್ಡವರಾಗುವುದು ತಡವಾಗಿತ್ತು. ಗಂಡುಮಕ್ಕಳಿಗೆ ಮೀಸೆ, ಗಡಸು ಸ್ವರ ತರುವ ಹಾರ್ಮೋನು ಟೆಸ್ಟೋಸ್ಟೆರೋನ್ ಕಡಿಮೆ ಇತ್ತು.

ಅನೂಪ್, 7:58
ಅತ್ತೆ, ಸರಿಯಾಗಿ ಊಟ ಇಲ್ಲದ್ದಕ್ಕೂ ಹಾಗಾಗಬಹುದಲ್ವಾ? 117 ಅಂದರೆ ಸಣ್ಣ ಲೆಕ್ಕ ಬೇರೆ.

ಸುಮಾ, 8:10
ಕೇಳಬೇಕಾದ್ದನ್ನೇ ಕೇಳಿದೆ. ಲೆಕ್ಕ ಸಣ್ಣದು ಅಂತ ಅವರೇ ಬರೆದಿದ್ದಾರೆ. ಕೆಲವರು ಪರೀಕ್ಷೆಗೆ ಒಪ್ಪಲೇ ಇಲ್ಲ. ಆ ಪ್ರಾಯದ ಹುಡುಗರು ಬಟ್ಟೆ ಬಿಚ್ಚಿ ನಿಲ್ಲಲು ಒಪ್ಪುವುದಾದರೂ ಹೇಗೆ? ಆದರೆ ಇದನ್ನು ನೋಡು. ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಅನ್ನುವ ಹಾರ್ಮೋನು ಕಳಿಸುತ್ತದೆ. ಅದು ಬಂದ ಮೇಲೆ ವೃಷಣ ಟೆಸ್ಟೋಸ್ಟೆರೋನ್ ಮಾಡುತ್ತದೆ. ಹೊಟ್ಟೆಗಿಲ್ಲದ ಮಕ್ಕಳಲ್ಲಿ ಸಾಮಾನ್ಯವಾಗಿ ಎಲ್‌ಎಚ್ಚೇ ಕಡಿಮೆ ಇರುತ್ತದೆ. ಇಲ್ಲಿ ಎಲ್‌ಎಚ್ ಜಾಸ್ತಿ, ಟೆಸ್ಟೋಸ್ಟೆರೋನ್ ಕಡಿಮೆ. ಮೇಲಿಂದ ಕೂಗಿ ಕೂಗಿ ಕರೆದರೂ ಕೆಳಗೆ ಓಗೊಡುವವರಿಲ್ಲ.

ಗಣೇಶ ಭಾವ, 8:15
ಮತ್ತೆ ನನಗ್ಯಾಕೆ ಏನೂ ಆಗಲಿಲ್ಲ?

ಸುಮಾ, 8:19
ನೀವು ಹೊಡೆದದ್ದು ಮದುವೆಯಾದ ಮೇಲೆ. ನಾವು ಹುಟ್ಟಿದಾಗಿನಿಂದ ಕುಡಿದದ್ದು ಆ ಗುಡ್ಡ ಕೊರೆದು ಮಾಡಿದ ಸುರಂಗದ ನೀರು. ಗೇರಿಗೆ ಬರುವ ಟೀ ಸೊಳ್ಳೆ ಅನ್ನುವ ಕೀಟದ ಕಾಟಕ್ಕೆ ಅಂತ 20 ವರ್ಷಕ್ಕೂ ಜಾಸ್ತಿ ಮೇಲಿಂದ ಬಿಟ್ಟರು. ಬೆಳೆಯುವ ಮೈಗೂ ಬೆಳೆದ ಮೈಗೂ ಒಂದೇ ಲೆಕ್ಕವಾ?

ಸರಸ್ವತಿ ದೊಡ್ಡಮ್ಮ, 8:31
ಬಾವಿ ಮುಚ್ಚಿ ಅಂತ ಹೇಳಿ ಹೋಗುತ್ತಿದ್ದರು. ಮಡಲು ಹಾಸಿ ಮೇಲೆ ಹಳೆ ಸೀರೆ ಹೊದಿಸುತ್ತಿದ್ದೆ. ತೋಡಿಗೆ ಏನು ಮುಚ್ಚುವುದು? ಮಕ್ಕಳು ಹೆಲಿಕಾಪ್ಟರ್ ನೋಡಲು ಅಂಗಳಕ್ಕೆ ಓಡುತ್ತಿದ್ದವು. ಬೈದರೂ ಕೇಳುತ್ತಿರಲಿಲ್ಲ. ಜೇನುಪೆಟ್ಟಿಗೆ ಎರಡೂ ಖಾಲಿಯಾದವು.

ಗಣೇಶ ಭಾವ, 8:36
ಹಾಸಿಗೆ ಹಿಡಿದ ಮಕ್ಕಳ ಬಗ್ಗೆ ನನಗೂ ಸಂಕಟ ಇದೆ ದೊಡ್ಡಮ್ಮ. ಪರಿಹಾರ ಸಿಗಲಿ. ಆದರೆ ಮೀಸೆ ತಡವಾಗಿ ಬಂದದ್ದನ್ನೂ ಮದ್ದಿನ ತಲೆಗೆ ಕಟ್ಟುವುದಾ?

ಸುಮಾ, 8:44
2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇದನ್ನು ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂದಿತು. ಅದು ಆಗಲೇಬೇಕಿತ್ತು. ಆದರೆ ನೋಡಲು ಚೆನ್ನಾಗಿಯೇ ಇದ್ದು ಒಳಗೊಳಗೇ ಏರುಪೇರಾದ ಹುಡುಗರ ಫೋಟೋ ಯಾವ ಪತ್ರಿಕೆಯಲ್ಲಿ ಬಂತು? ಅವರನ್ನು ಕರೆದು ವಿಚಾರಿಸಿದವರು ಎಷ್ಟು ಜನ? ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಪ್ರಸಾದ, 8:52
ಭಾವ, ಒಂದು ಮಾತು. ನನಗೆ 17 ತುಂಬಿದರೂ ಸ್ವರ ಒಡೆದಿರಲಿಲ್ಲ. ಶಾಲೆಯ ಯಕ್ಷಗಾನದಲ್ಲಿ ಪ್ರತಿ ಸಲ ಸ್ತ್ರೀವೇಷ ನನಗೇ. ಎಲ್ಲರೂ ನಗುತ್ತಿದ್ದರು. ಬೇಗ ಮೀಸೆ ಬರಲಿ ಅಂತ ಅಪ್ಪನ ಬ್ಲೇಡು ತೆಗೆದು ಬಚ್ಚಲಲ್ಲಿ ಕೆರೆದುಕೊಳ್ಳುತ್ತಿದ್ದೆ. ಅದಕ್ಕೆ ಮದ್ದೇ ಕಾರಣ ಅಂತ ಹೇಳುವುದಿಲ್ಲ. ನನ್ನ ರಕ್ತ ಯಾರೂ ಪರೀಕ್ಷೆ ಮಾಡಲಿಲ್ಲ. ಆಮೇಲೆ ಎಲ್ಲ ಸರಿಯಾಯಿತು. ಆದರೆ ಅಷ್ಟು ವರ್ಷ ನನ್ನಲ್ಲೇ ಏನೋ ಕೊರತೆ ಇದೆ ಅಂದುಕೊಂಡಿದ್ದೆ. ಇವತ್ತು ಬೆಳಗ್ಗೆ "ಕತೆಯೇ ಸುಳ್ಳು" ಅಂತ ಓದಿ ಮನಸ್ಸಿಗೆ ತಾಗಿತು.

ಗಣೇಶ ಭಾವ, 9:20
ನನಗೆ ಇದು ಗೊತ್ತಿರಲಿಲ್ಲ ಮಾರಾಯ.

ಗಣೇಶ ಭಾವ, 9:21
ಸುಮಾ, ಆ ಅಹಮದಾಬಾದಿನವರು ಬರೆದದ್ದು ಇದ್ದರೆ ಕಳಿಸು.

ಸುಮಾ, 9:24
ಕಳಿಸುತ್ತೇನೆ. ಇಂಗ್ಲಿಷಿನಲ್ಲಿದೆ, ಅನೂಪ್ ಓದಿ ಹೇಳಲಿ. ಮತ್ತೆ ಭಾವ, ಈ ಸಲ ತೋಟಕ್ಕೆ ಮದ್ದು ಹೊಡೆಯುವಾಗ ಪೈಪು ಹಿಡಿಯಲು ಚಿನ್ನುವನ್ನು ನಿಲ್ಲಿಸಬೇಡಿ. ಅವನಿಗೆ ಇನ್ನೂ ಹನ್ನೊಂದು.

ಗಣೇಶ ಭಾವ, 9:26
ಇಲ್ಲ, ನಿಲ್ಲಿಸುವುದಿಲ್ಲ. ಒಂದು ಆಳು ಜಾಸ್ತಿ ಕರೆಯುತ್ತೇನೆ.